ಟ್ರಾನ್ಸ್‌ಫರ್ ಲೆಕ್ಕ: ಕೊನೆಯ ಮೆಟ್ಟಿಲಿನಿಂದ ಶುರು ಮಾಡಿ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯ ಸೇರುವವರು ಕೋರ್ಸ್ ಆರಿಸಿಕೊಳ್ಳುವ ಬಗೆ

ನಮ್ಮಲ್ಲಿ ಪಿಯುಸಿಗೆ ಸೇರುವಾಗ ಪಿಸಿಎಂಬಿ ಎಂದು ಒಮ್ಮೆ ಬರೆದುಕೊಟ್ಟರೆ ಮುಗಿಯಿತು, ಉಳಿದದ್ದನ್ನು ಟೈಮ್‌ಟೇಬಲ್ ನೋಡಿಕೊಳ್ಳುತ್ತದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರುವವರಿಗೂ ಅಷ್ಟೇ. ಯಾವ ಸೆಮಿಸ್ಟರ್‌ಗೆ ಯಾವ ವಿಷಯ ಎಂಬುದನ್ನು ಬೇರೆಯವರು ಗೊತ್ತು ಮಾಡಿರುತ್ತಾರೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಟೈಮ್‌ಟೇಬಲ್ ಬರೆಯುವವರು ನೀವೇ. ಉದ್ದನೆಯ ಪಟ್ಟಿಯಿಂದ ಇಷ್ಟಬಂದ ಕೋರ್ಸ್ ಆರಿಸಿಕೊಳ್ಳಬಹುದು, ತಪ್ಪು ಆರಿಸಿದರೂ ತಡೆಯುವವರಿಲ್ಲ. ಎರಡು ವರ್ಷ ಕಳೆದ ಮೇಲೆ ಟ್ರಾನ್ಸ್‌ಫರ್‌ಗೆ ಬೇಕಾದ 60 ಯೂನಿಟ್ (ಕೋರ್ಸ್‌ನ ಭಾರ ಅಳೆಯುವ ಲೆಕ್ಕ) ಕೈಯಲ್ಲಿದ್ದೂ, ಬೇಕಾದ ಒಂದು ಗಣಿತದ ಕೋರ್ಸ್ ಇಲ್ಲವೆಂದು ಮತ್ತೊಂದು ವರ್ಷ ಅಲ್ಲೇ ಉಳಿಯುವವರಿದ್ದಾರೆ.

ಈ ದಾರಿ ದಡ್ಡರ ದಾರಿಯಲ್ಲ. 1960ರ ಉನ್ನತ ಶಿಕ್ಷಣ ಯೋಜನೆಯಲ್ಲೇ ಕ್ಯಾಲಿಫೋರ್ನಿಯಾ ಮೂರು ಹಂತಗಳನ್ನು ಜೋಡಿಸಿತು: ಕಮ್ಯುನಿಟಿ ಕಾಲೇಜು, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು), ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ). ಈಗ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಹೊಸದಾಗಿ ಸೇರುವ ಪ್ರತಿ ಇಬ್ಬರಿಗೆ ಟ್ರಾನ್ಸ್‌ಫರ್ ಆಗಿ ಬರುವ ಒಬ್ಬರನ್ನು ಸೇರಿಸಿಕೊಳ್ಳುವುದು ಯುಸಿಯ ಗುರಿ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್ ಶುಲ್ಕ, ಅಂದರೆ 60 ಯೂನಿಟ್‌ಗೆ 2,760 ಡಾಲರ್. ಯುಸಿಯಲ್ಲಾದರೆ ಒಂದೇ ವರ್ಷದ ಬೋಧನಾ ಶುಲ್ಕ ಹತ್ತು ಸಾವಿರ ಡಾಲರ್ ದಾಟುತ್ತದೆ. ಪದವಿ ಪತ್ರದಲ್ಲಿ ಬರುವುದು ವಿಶ್ವವಿದ್ಯಾಲಯದ ಹೆಸರೇ. ಕ್ಯುಪರ್ಟಿನೊದ ಡಿ ಅಂಜಾ, ಫ್ರೀಮಾಂಟ್‌ನ ಓಲೋನಿ ಕಾಲೇಜುಗಳ ಆಸುಪಾಸಿನ ಕನ್ನಡ ಮನೆಗಳಲ್ಲಿ "ಕಮ್ಯುನಿಟಿ ಕಾಲೇಜಾ?" ಎಂದು ಮೂಗೆಳೆಯುವ ನೆಂಟರಿಗೆ ಹೇಳಲು ಇಷ್ಟು ಸಾಕು.

ಇಲ್ಲಿ ಶುಲ್ಕ ಕಡಿಮೆ, ತಪ್ಪು ಮಾತ್ರ ದುಬಾರಿ. ಅದನ್ನು ತಪ್ಪಿಸಬೇಕಾದರೆ ಯೋಜನೆಯನ್ನು ಮೊದಲ ಸೆಮಿಸ್ಟರ್‌ನಿಂದಲ್ಲ, ಸೇರಬೇಕಾದ ವಿಶ್ವವಿದ್ಯಾಲಯದಿಂದ ಹಿಂದಕ್ಕೆ ಬರೆಯುತ್ತಾ ಬರಬೇಕು.

ಹೆಜ್ಜೆ 1: ಎಲ್ಲಿಗೆ, ಯಾವ ವಿಷಯಕ್ಕೆ?

ಮೂರು ವಿಶ್ವವಿದ್ಯಾಲಯ, ಒಂದು ಮುಖ್ಯ ವಿಷಯ ಬರೆದುಕೊಳ್ಳಿ. ಉದಾಹರಣೆಗೆ ಯುಸಿ ಡೇವಿಸ್, ಯುಸಿ ಸ್ಯಾಂಟಾ ಕ್ರೂಜ್, ಸ್ಯಾನ್ ಹೊಸೆ ಸ್ಟೇಟ್. ವಿಷಯ ಕಂಪ್ಯೂಟರ್ ಸೈನ್ಸ್. ವಿಷಯ ಇನ್ನೂ ನಿಶ್ಚಯವಾಗಿಲ್ಲವೆ? ಹಾಗಿದ್ದರೆ ಗಣಿತ ಹೆಚ್ಚು ಬೇಡುವ ವಿಷಯವನ್ನೇ ಸದ್ಯಕ್ಕೆ ಬರೆಯಿರಿ. ಕ್ಯಾಲ್ಕುಲಸ್ ಓದಿದವರು ಅರ್ಥಶಾಸ್ತ್ರಕ್ಕೋ ಮನಶ್ಶಾಸ್ತ್ರಕ್ಕೋ ತಿರುಗಿದರೆ ನಷ್ಟ ಕಡಿಮೆ. ಕ್ಯಾಲ್ಕುಲಸ್ ಬಿಟ್ಟವರು ಎರಡನೇ ವರ್ಷದಲ್ಲಿ ಎಂಜಿನಿಯರಿಂಗ್ ಕಡೆ ತಿರುಗಿದರೆ ಮತ್ತೆ ಒಂದನೇ ಮೆಟ್ಟಿಲಿಗೆ ಬರಬೇಕಾಗುತ್ತದೆ.

ಹೆಜ್ಜೆ 2: ಅಸಿಸ್ಟ್ ಜಾಲತಾಣ ತೆರೆಯಿರಿ

ಅಸಿಸ್ಟ್ ಡಾಟ್ ಆರ್ಗ್ ಈ ಇಡೀ ವ್ಯವಸ್ಥೆಯ ಪಂಚಾಂಗವಿದ್ದಂತೆ. ನಿಮ್ಮ ಕಾಲೇಜು, ಸೇರಬೇಕಾದ ಯುಸಿ ಅಥವಾ ಸಿಎಸ್‌ಯು, ಮುಖ್ಯ ವಿಷಯ, ಈ ಮೂರನ್ನು ಆರಿಸಿದರೆ ಎರಡು ಕಂಬಸಾಲು ಕಾಣುತ್ತವೆ. ಒಂದು ಕಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸ್, ಇನ್ನೊಂದು ಕಡೆ ಅದಕ್ಕೆ ಸಮನಾಗಿ ನಿಮ್ಮ ಕಾಲೇಜಿನಲ್ಲಿರುವ ಕೋರ್ಸ್. ಮೂರೂ ವಿಶ್ವವಿದ್ಯಾಲಯಗಳ ಪಟ್ಟಿ ಮುದ್ರಿಸಿ ಪಕ್ಕಪಕ್ಕ ಇಡಿ. ಮೂರರಲ್ಲೂ ಇರುವ ಕೋರ್ಸ್‌ಗೆ ಮೂರು ಗೆರೆ, ಎರಡರಲ್ಲಿ ಇರುವುದಕ್ಕೆ ಎರಡು ಗೆರೆ ಎಳೆಯಿರಿ. ಮೂರು ಗೆರೆಯವು ಮೊದಲು ಮುಗಿಯಬೇಕು.

ಯೂನಿಟ್ ಒಪ್ಪುವುದು ಬೇರೆ, ಮುಖ್ಯ ವಿಷಯದ ಅಗತ್ಯಕ್ಕೆ ಒಪ್ಪುವುದು ಬೇರೆ. ಒಂದು ಕೋರ್ಸ್ ಯುಸಿಗೆ ವರ್ಗವಾಗುತ್ತದೆ ಎಂದ ಮಾತ್ರಕ್ಕೆ ನಿಮ್ಮ ವಿಷಯಕ್ಕೆ ಉಪಯೋಗ ಎಂದಲ್ಲ. ಅಸಿಸ್ಟ್ ನೋಡದೆ ಓದಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಖಾಸಗಿ ವಿಶ್ವವಿದ್ಯಾಲಯ ಅಥವಾ ಹೊರ ರಾಜ್ಯದ ಕಡೆ ಕಣ್ಣಿದ್ದರೆ ಅಸಿಸ್ಟ್ ಹೆಚ್ಚಾಗಿ ಸಹಾಯಕ್ಕೆ ಬರುವುದಿಲ್ಲ, ಆಯಾ ಸಂಸ್ಥೆಯ ಟ್ರಾನ್ಸ್‌ಫರ್ ಪುಟವನ್ನೇ ನೋಡಬೇಕು.

ಹೆಜ್ಜೆ 3: ಸರಪಳಿಯ ಕೋರ್ಸ್‌ಗಳನ್ನು ಮೊದಲು ಕೂರಿಸಿ

ಕೆಲವು ಕೋರ್ಸ್ ಯಾವಾಗ ಬೇಕಾದರೂ ಓದಬಹುದು. ಕೆಲವು ಒಂದರ ಹಿಂದೆ ಒಂದು ಬರಲೇಬೇಕು. ಕ್ಯಾಲ್ಕುಲಸ್ ಒಂದು ಆಗದೆ ಎರಡಿಲ್ಲ, ಎರಡಾಗದೆ ಬಹುಚರ ಕ್ಯಾಲ್ಕುಲಸ್ ಇಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಭೌತಶಾಸ್ತ್ರ ಕ್ಯಾಲ್ಕುಲಸ್‌ನ ಬೆನ್ನು ಹಿಡಿದೇ ಸಾಗುತ್ತದೆ. ಮೊದಲ ಫಾಲ್ (ಶರತ್ಕಾಲದ) ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ಶುರು ಮಾಡಿದವರಿಗೆ ನಾಲ್ಕು ಸೆಮಿಸ್ಟರ್ ಸಾಕು. ಅದಕ್ಕೂ ಕೆಳಗಿನ ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡಿದವರು ಬೇಸಿಗೆಯಲ್ಲೂ ಗಣಿತ ಓದಬೇಕಾದೀತು. ಸರಪಳಿಯ ಕೊನೆಯ ಕೆಲವು ಕೋರ್ಸ್‌ಗಳನ್ನು ಸಣ್ಣ ಕಾಲೇಜುಗಳು ವರ್ಷಕ್ಕೊಮ್ಮೆ ಮಾತ್ರ ನಡೆಸುತ್ತವೆ. ಒಮ್ಮೆ ತಪ್ಪಿದರೆ ವರ್ಷ ಕಾಯಬೇಕು.

ದ್ವಿತೀಯ ಪಿಯುಸಿಯಲ್ಲಿ ಅವಕಲನ, ಅನುಕಲನ ಓದಿದ್ದೇವೆ, ಮತ್ತೇಕೆ ಎಂದು ಕ್ಯಾಲ್ಕುಲಸ್ ಒಂದನ್ನು ಹಾರಿಸಲು ಹೋಗಬೇಡಿ. ವಿಶ್ವವಿದ್ಯಾಲಯ ಆ ಕೋರ್ಸನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣಲು ಬಯಸುತ್ತದೆ. ಗೊತ್ತಿರುವ ಪಾಠದಲ್ಲಿ ಎ ಗ್ರೇಡ್ ಬಂದರೆ ಮೊದಲ ಸೆಮಿಸ್ಟರ್‌ನ ಭಾರವೂ ಕಡಿಮೆ.

ಇನ್ನೊಂದು ಎಚ್ಚರಿಕೆ: ಓಲೋನಿ ಸೆಮಿಸ್ಟರ್ ಪದ್ಧತಿಯ ಕಾಲೇಜು, ಡಿ ಅಂಜಾ ಮತ್ತು ಫುಟ್‌ಹಿಲ್ ಕಾಲೇಜುಗಳಲ್ಲಿ ಕ್ವಾರ್ಟರ್ ಪದ್ಧತಿ. ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ, ಹಾಗಾಗಿ ಅಲ್ಲಿ 60ರ ಬದಲು 90 ಯೂನಿಟ್ ಬೇಕು. ಎರಡೂ ಪದ್ಧತಿಯಲ್ಲಿ ಕ್ಯಾಲ್ಕುಲಸ್ ಬೇರೆ ಬೇರೆ ತುಂಡುಗಳಾಗಿ ಹಂಚಿಹೋಗಿರುತ್ತದೆ. ಅರ್ಧ ಇಲ್ಲಿ ಓದಿ ಅರ್ಧ ಅಲ್ಲಿ ಓದಿದರೆ ತುಂಡುಗಳು ಹೊಂದುವುದಿಲ್ಲ. ಶುರು ಮಾಡಿದ ಸರಪಳಿಯನ್ನು ಅದೇ ಕಾಲೇಜಿನಲ್ಲಿ ಮುಗಿಸಿ.

ಹೆಜ್ಜೆ 4: ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳಿಂದ ಸಂದು ತುಂಬಿ

2025ರ ಫಾಲ್‌ನಿಂದ ಹೊಸದಾಗಿ ಸೇರುವವರಿಗೆ ಯುಸಿ, ಸಿಎಸ್‌ಯು ಎರಡಕ್ಕೂ ಒಂದೇ ಸಾಮಾನ್ಯ ಶಿಕ್ಷಣದ ಪಟ್ಟಿ ಬಂದಿದೆ, ಹೆಸರು ಕ್ಯಾಲ್-ಗೆಟ್ಸಿ. ಒಟ್ಟು 11 ಕೋರ್ಸ್, ಕನಿಷ್ಠ 34 ಯೂನಿಟ್:

• ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ: ಮೂರು ಕೋರ್ಸ್
• ಗಣಿತ ಅಥವಾ ಸಂಖ್ಯಾಶಾಸ್ತ್ರ: ಒಂದು
• ಕಲೆ ಒಂದು, ಮಾನವಿಕ ಒಂದು
• ಸಮಾಜ ವಿಜ್ಞಾನ: ಎರಡು ಬೇರೆ ಬೇರೆ ವಿಭಾಗಗಳಿಂದ ಎರಡು
• ಭೌತ ವಿಜ್ಞಾನ ಒಂದು, ಜೀವ ವಿಜ್ಞಾನ ಒಂದು; ಇವುಗಳಲ್ಲಿ ಒಂದಕ್ಕೆ ಪ್ರಯೋಗಾಲಯ
• ಎಥ್ನಿಕ್ ಸ್ಟಡೀಸ್ (ಜನಾಂಗೀಯ ಅಧ್ಯಯನ): ಒಂದು

ಪ್ರತಿಯೊಂದರಲ್ಲೂ ಕನಿಷ್ಠ ಸಿ ಬರಬೇಕು, ಸಿ ಮೈನಸ್ ನಡೆಯುವುದಿಲ್ಲ. ಮುಖ್ಯ ವಿಷಯದ ಕ್ಯಾಲ್ಕುಲಸ್, ಭೌತಶಾಸ್ತ್ರ ಇಲ್ಲೂ ಲೆಕ್ಕಕ್ಕೆ ಬರುತ್ತವೆ. ಒಂದೇ ಕಲ್ಲಿಗೆ ಎರಡು ಹಣ್ಣು. ಎಂಜಿನಿಯರಿಂಗ್‌ನಂಥ ವಿಷಯಕ್ಕೆ ಹೋಗುವವರು ಮಾತ್ರ ಈ ಪಟ್ಟಿಯನ್ನು ಪೂರ್ತಿ ಮುಗಿಸುವ ಹಟ ಹಿಡಿಯಬಾರದು. ಅಲ್ಲಿ ಮೊದಲು ನೋಡುವುದು ಗಣಿತ, ವಿಜ್ಞಾನದ ಸಿದ್ಧತೆಯನ್ನು. ಉಳಿದ ಸಾಮಾನ್ಯ ಕೋರ್ಸ್‌ಗಳನ್ನು ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಓದಬಹುದು.

ಹೆಜ್ಜೆ 5: ನಾಲ್ಕು ಸೆಮಿಸ್ಟರ್ ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರ ಮಾದರಿ ಹೀಗಿರಬಹುದು:

ಮೊದಲ ಫಾಲ್: ಕ್ಯಾಲ್ಕುಲಸ್ ಒಂದು, ಪ್ರೋಗ್ರಾಮಿಂಗ್ ಪ್ರವೇಶ, ಇಂಗ್ಲಿಷ್ ಬರವಣಿಗೆ, ಒಂದು ಹಗುರ ಸಾಮಾನ್ಯ ಕೋರ್ಸ್.
ಮೊದಲ ಸ್ಪ್ರಿಂಗ್ (ವಸಂತ): ಕ್ಯಾಲ್ಕುಲಸ್ ಎರಡು, ಭೌತಶಾಸ್ತ್ರ ಒಂದು, ಡೇಟಾ ಸ್ಟ್ರಕ್ಚರ್ಸ್, ವಿಮರ್ಶಾತ್ಮಕ ಚಿಂತನೆ.
ಬೇಸಿಗೆ: ಎಥ್ನಿಕ್ ಸ್ಟಡೀಸ್, ಕಲೆ.
ಎರಡನೇ ಫಾಲ್: ಬಹುಚರ ಕ್ಯಾಲ್ಕುಲಸ್, ಭೌತಶಾಸ್ತ್ರ ಎರಡು, ಕಂಪ್ಯೂಟರ್ ಆರ್ಗನೈಸೇಷನ್, ಭಾಷಣ ಕಲೆ.
ಎರಡನೇ ಸ್ಪ್ರಿಂಗ್: ಲೀನಿಯರ್ ಆಲ್ಜಿಬ್ರಾ, ಡಿಸ್‌ಕ್ರೀಟ್ ಗಣಿತ, ಸಮಾಜ ವಿಜ್ಞಾನ, ಜೀವ ವಿಜ್ಞಾನ.

ಪ್ರತಿ ಸೆಮಿಸ್ಟರ್‌ಗೆ ಸುಮಾರು 15 ಯೂನಿಟ್. ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಮೂರೂ ಒಟ್ಟಿಗೆ ಬಂದ ಸೆಮಿಸ್ಟರ್‌ನಲ್ಲಿ ನಾಲ್ಕನೆಯದು ಹಗುರವಾಗಿರಲಿ. ಈ ಹಾಳೆಯನ್ನು ಅಸಿಸ್ಟ್ ಪಟ್ಟಿಗಳ ಜೊತೆ ಹಿಡಿದು ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ ಶೈಕ್ಷಣಿಕ ಯೋಜನೆ ದಾಖಲಿಸಿ. ಓರಿಯೆಂಟೇಶನ್ ಮತ್ತು ಈ ಯೋಜನೆ ಮುಗಿಸಿದವರಿಗೆ ಕೋರ್ಸ್ ನೋಂದಣಿಯಲ್ಲಿ ಆದ್ಯತೆ ಸಿಗುತ್ತದೆ. ತಡವಾಗಿ ನೋಂದಾಯಿಸುವವರಿಗೆ ಉಳಿಯುವುದು ವೇಟ್‌ಲಿಸ್ಟ್.

ಹೆಜ್ಜೆ 6: ಓದು ಎರಡು ವರ್ಷ, ತೀರ್ಪು ಒಂದೂವರೆ ವರ್ಷಕ್ಕೆ

ಯೋಜನೆ ಹಾಕುವವರು ಬಹಳಷ್ಟು ಸಲ ಮರೆಯುವ ವಿಷಯ ಇದು. ಎರಡನೇ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳಲ್ಲೇ ಯುಸಿ, ಸಿಎಸ್‌ಯು ಅರ್ಜಿ ಹಾಕಬೇಕು. ಆಗ ನಿಮ್ಮ ಕೈಯಲ್ಲಿರುವುದು ಮೊದಲ ವರ್ಷ ಮತ್ತು ಬೇಸಿಗೆಯ ಗ್ರೇಡ್ ಮಾತ್ರ. ಫಾಲ್ ಗ್ರೇಡ್‌ಗಳನ್ನು ಯುಸಿಗೆ ಜನವರಿಯಲ್ಲಿ ಸೇರಿಸಬಹುದು. ಕೊನೆಯ ಸ್ಪ್ರಿಂಗ್‌ನ ಕೋರ್ಸ್‌ಗಳು ಅರ್ಜಿಯಲ್ಲಿ ಹೆಸರಾಗಿ ಮಾತ್ರ ಇರುತ್ತವೆ. ಮೊದಲ ವರ್ಷ ಹೊಂದಿಕೊಳ್ಳೋಣ, ಎರಡನೇ ವರ್ಷ ಅಂಕ ತೆಗೆಯೋಣ ಎನ್ನುವವರಿಗೆ ಹೊತ್ತು ಮೀರಿರುತ್ತದೆ.

ಯುಸಿಗೆ ರಾಜ್ಯದ ನಿವಾಸಿಗಳು ಕನಿಷ್ಠ 2.4, ಉಳಿದವರು 2.8 ಜಿಪಿಎ ಪಡೆದಿರಬೇಕು. ಇದು ಬಾಗಿಲಿನ ಹೊಸ್ತಿಲು ಮಾತ್ರ. ಬೇಡಿಕೆ ಹೆಚ್ಚಿರುವ ವಿಷಯಗಳಲ್ಲಿ ಇದಕ್ಕಿಂತ ಬಹಳ ಮೇಲಿರಬೇಕು. ಅರ್ಜಿ ಹಾಕಿದ ಮೇಲೆ ಕೋರ್ಸ್ ಬಿಟ್ಟರೆ ವಿಶ್ವವಿದ್ಯಾಲಯಕ್ಕೆ ತಿಳಿಸಲೇಬೇಕು. ಸೀಟು ಸಿಕ್ಕಿದವರು ಜೂನ್ 1ರೊಳಗೆ ಯುಸಿಗೆ ಒಪ್ಪಿಗೆ ಕೊಡಬೇಕು.

ಹೆಜ್ಜೆ 7: ಖಾತ್ರಿ ಸೀಟಿನ ಎರಡು ದಾರಿ

ಟ್ಯಾಗ್: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಖಾತ್ರಿ ಪ್ರವೇಶ ಕೇಳಬಹುದು. ಷರತ್ತು ಪೂರೈಸಿದರೆ ಸೀಟು ನಿಮ್ಮದು. ಅರ್ಜಿ ಸಲ್ಲಿಸುವ ಅವಧಿ ಸೆಪ್ಟೆಂಬರ್ ತಿಂಗಳು. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ವಿಷಯವನ್ನು ಹಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ. ಆ ವರ್ಷದ ಪಟ್ಟಿ ನೋಡದೆ ನಂಬಬೇಡಿ.

ಎಡಿಟಿ: 2010ರ ಕಾಯ್ದೆಯಿಂದ ಬಂದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್. ಇದನ್ನು ಮುಗಿಸಿದವರಿಗೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಸೀಟು ಖಾತ್ರಿ. ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತ್ರಿ ಇಲ್ಲ.

ಹೆಜ್ಜೆ 8: ವೀಸಾದ ಲೆಕ್ಕವನ್ನೂ ಸೇರಿಸಿ

ಕರ್ನಾಟಕದಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ನೇರವಾಗಿ ಬರುವವರಿಗೆ 46 ಡಾಲರ್ ದರ ಅನ್ವಯಿಸುವುದಿಲ್ಲ, ಹಲವು ಪಟ್ಟು ಹೆಚ್ಚು ಕೊಡಬೇಕು. ಸೆಮಿಸ್ಟರ್‌ಗೆ ಕನಿಷ್ಠ 12 ಯೂನಿಟ್ ಓದಬೇಕು, ಆ 12ರಲ್ಲಿ ಆನ್‌ಲೈನ್ ಕೋರ್ಸ್ ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರದು. ಹಾಗಾಗಿ ಕಷ್ಟವಾದ ಕೋರ್ಸನ್ನು ಮಧ್ಯದಲ್ಲಿ ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ. 12ಕ್ಕಿಂತ ಕೆಳಗಿಳಿದರೆ ವೀಸಾಕ್ಕೇ ಕುತ್ತು. ವಿಶ್ವವಿದ್ಯಾಲಯಕ್ಕೆ ಹೋಗುವಾಗ ಸೆವಿಸ್ (ವಿದ್ಯಾರ್ಥಿ ವೀಸಾದ ಸರ್ಕಾರಿ) ದಾಖಲೆಯೂ ಅಲ್ಲಿಗೆ ವರ್ಗವಾಗಬೇಕು.

ಅಪ್ಪ-ಅಮ್ಮನ ಕೆಲಸದ ವೀಸಾದ ಜೊತೆ ಎಚ್-4ರಲ್ಲಿ ಬೆಳೆದ ಮಕ್ಕಳು ನಿವಾಸಿ ದರಕ್ಕೆ ಅರ್ಹರಾಗಬಹುದು. ಆದರೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಎಫ್-1ಗೆ ಬದಲಾದರೆ ಶುಲ್ಕದ ವರ್ಗವೂ ಬದಲಾಗಬಹುದು. ಯೋಜನೆಯ ಹಾಳೆಯ ಮೇಲೆ ಆ ಹುಟ್ಟುಹಬ್ಬದ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಈ ತಪ್ಪು ಬೇಡ

• ಊರಲ್ಲಿ ಬಿ.ಇ. ಒಂದು ವರ್ಷ ಓದಿ ಬಿಟ್ಟಿದ್ದರೆ ಮುಚ್ಚಿಡಬೇಡಿ. ಓದಿದ ಎಲ್ಲ ಕಾಲೇಜುಗಳನ್ನೂ ಅರ್ಜಿಯಲ್ಲಿ ತೋರಿಸಬೇಕು, ಇಲ್ಲದಿದ್ದರೆ ಸಿಕ್ಕ ಸೀಟೂ ಹೋಗಬಹುದು.
• ಹೈಸ್ಕೂಲಿನಲ್ಲಿದ್ದಾಗಲೇ ಓದಿದ ಕಮ್ಯುನಿಟಿ ಕಾಲೇಜ್ ಕೋರ್ಸ್‌ನ ಗ್ರೇಡ್ ಕೂಡ ಕಾಲೇಜು ದಾಖಲೆಯಲ್ಲಿ ಶಾಶ್ವತ. ತಮಾಷೆಗೆ ಸೇರಬೇಡಿ.
• ಸಿ ಬಂದ ಕೋರ್ಸನ್ನು ಮತ್ತೆ ಓದಿ ಎ ಮಾಡಿಕೊಳ್ಳೋಣ ಎಂದರೆ ಯುಸಿ ಜಿಪಿಎಗೆ ಅದು ಸೇರದು. ಮತ್ತೆ ಓದಲು ಅವಕಾಶ ಇರುವುದು ಡಿ, ಎಫ್ ಬಂದಾಗ.
• ಯೂನಿಟ್ ಎಷ್ಟಿದ್ದರೂ ಕಮ್ಯುನಿಟಿ ಕಾಲೇಜಿನಿಂದ ಯುಸಿ ಎಣಿಸುವುದು 70 ಸೆಮಿಸ್ಟರ್ ಯೂನಿಟ್ ಮಾತ್ರ. ಅದಕ್ಕಿಂತ ಹೆಚ್ಚು ಕೂಡಿಸಿದರೂ ಯೂನಿಟ್ ಲೆಕ್ಕ ಏರುವುದಿಲ್ಲ.
• ಅಣ್ಣನ ಹಳೆಯ ಯೋಜನೆಯನ್ನು ಹಾಗೇ ನಕಲು ಮಾಡಬೇಡಿ. 2025ರಿಂದ ಸಾಮಾನ್ಯ ಶಿಕ್ಷಣದ ಪಟ್ಟಿಯೂ ಕೆಲವು ಕೋರ್ಸ್‌ಗಳ ಸಂಖ್ಯೆಯೂ ಬದಲಾಗಿವೆ.

ಕೌನ್ಸೆಲರ್ ಎದುರು ಕೂತಾಗ "ನಾನು ಏನು ಓದಲಿ?" ಎಂದು ಕೇಳಿದರೆ ಸಾಮಾನ್ಯ ಉತ್ತರ ಸಿಗುತ್ತದೆ. ತುಂಬಿದ ಹಾಳೆ ಮುಂದಿಟ್ಟು "ಇದರಲ್ಲಿ ಯಾವ ಕೋರ್ಸ್ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ? ಯಾವುದು ನನ್ನ ಮೂರು ವಿಶ್ವವಿದ್ಯಾಲಯಗಳಲ್ಲಿ ಒಂದಕ್ಕೆ ಒಪ್ಪುವುದಿಲ್ಲ?" ಎಂದು ಕೇಳಿ. ಮೊದಲ ಸೆಮಿಸ್ಟರ್‌ನಲ್ಲೇ ಈ ಎರಡಕ್ಕೂ ಉತ್ತರ ಪಡೆದವರಿಗೆ ಮೂರನೇ ವರ್ಷ ಅದೇ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.