ಶ್ರಾವಣದಲ್ಲಿ ಬಿಟ್ಟ ಮದ್ಯ ಭಾದ್ರಪದದಲ್ಲಿ ಮರಳದಿರಲು

ಶ್ರಾವಣ ಮಾಸದಲ್ಲಿ ಪ್ರವಚನ ಕೇಳುತ್ತ, ಮದ್ಯವನ್ನು ಮುಟ್ಟದೆ ಇದ್ದು, ಮಾಸ ಮುಗಿದೊಡನೆ ಬಾಕಿ ತೀರಿಸುವವರಂತೆ ಕುಡಿಯುವ ಅನೇಕರನ್ನು ನಾವು ನಮ್ಮ ಚಿಕಿತ್ಸಾಲಯದಲ್ಲಿ ವರ್ಷವರ್ಷವೂ ಕಾಣುತ್ತ ಬಂದಿದ್ದೇವೆ. ಇದು ಇಂದಿನ ಸಂಗತಿಯಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯವನ್ನು, ಅಂದರೆ ಮದ್ಯಜನ್ಯ ವ್ಯಾಧಿಗಳನ್ನು, ವಿವರಿಸುತ್ತದೆ. ಕುಡಿತ ಬಿಟ್ಟವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ರೋಗಗಳು ಉಂಟಾಗುತ್ತವೆಂದು ಅಲ್ಲಿ ಹೇಳಿದೆ. ಬಿಡುವುದು ಒಂದು ಕೆಲಸ, ಬಿಟ್ಟ ಸ್ಥಿತಿಯಲ್ಲಿ ಉಳಿಯುವುದು ಇನ್ನೊಂದು ಕೆಲಸವೆಂಬ ಅರಿವು ನಮ್ಮ ಪೂರ್ವಿಕರಿಗೆ ಇತ್ತು.

ಈ ಎರಡನೆಯ ಕೆಲಸದಲ್ಲಿ ನಾವು ಬಹುಕಾಲ ತಪ್ಪಿದೆವು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಕಿರಾಣಿ ವ್ಯಾಪಾರಿ ಪ್ರತಿ ಶ್ರಾವಣದಲ್ಲಿಯೂ ಆಣೆ ಮಾಡಿ ಬಿಡುತ್ತಿದ್ದರು. ಒಂದು ವರ್ಷ ಬಿಟ್ಟ ಮೂರನೆಯ ದಿನ ಕೈಕಾಲು ನಡುಗಿ, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆಯೆಂದು ಕೂಗತೊಡಗಿದರು. ಮನೆಯವರು ದೆವ್ವ ಮೆಟ್ಟಿತೆಂದುಕೊಂಡು ಅರ್ಧ ದಿನ ಕಳೆದರು. ಜಿಲ್ಲಾಸ್ಪತ್ರೆಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಅಲ್ಲಿಂದ ಬಂದ ಮೇಲೆ ಅಗ್ನಿದೀಪನಕ್ಕೆ, ನಿದ್ರೆಗೆ ಔಷಧ ಕೊಟ್ಟು, ಮನಸ್ಸು ಗಟ್ಟಿ ಮಾಡಿಕೊಳ್ಳಿರೆಂದು ಹೇಳಿ ಕಳುಹಿಸಿದೆವು. ಎರಡು ತಿಂಗಳಲ್ಲಿ ಮತ್ತೆ ಕುಡಿದರು. ಆಗ ನೆರೆಯ ಪಟ್ಟಣದ ಒಬ್ಬ ನಿವೃತ್ತ ಬಸ್ ಚಾಲಕರು, ತಾವು ಹೋಗುವ ಸಭೆಗೆ ಅವರನ್ನು ಕಳುಹಿಸಿರೆಂದು ಕೇಳಿಕೊಂಡರು. ವೈದ್ಯರಿಂದ ಆಗದ್ದು ಇವರಿಂದೇನಾದೀತು ಎಂಬ ಅಹಂಕಾರದಿಂದ ನಾವು ಆ ಮಾತನ್ನು ವರ್ಷವೊಂದರ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವರ್ಷ ಅವರ ಅಂಗಡಿ ಸಾಲಕ್ಕೆ ಹೋಯಿತು.

ಕೊನೆಗೆ ಹೋಗಿಬಂದ ವ್ಯಾಪಾರಿಗಳು ನಮಗೆ ಹೇಳಿದ ಮಾತಿದು: “ಸಾಹೇಬ್ರ, ನೀವು ಕುಡೀಬ್ಯಾಡ ಅಂತೀರಿ. ಅಲ್ಲಿ ಕುಂತಾವ್ರು, ಸಂಜಿಗೆ ಅಂಗಡಿ ಬಾಗಲಾ ಹಾಕೂ ಮುಂದ ಮನಸ್ಸು ಹ್ಯಾಂಗ ಎಳೀತೈತಿ ಅಂತ ಹೇಳ್ತಾರ್ರೀ.”

ಆ ಸಭೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ್ದು, ಜನ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ, ವ್ಯವಹಾರ ಕೆಟ್ಟು ಮತ್ತೆ ಕುಡಿಯುವ ಅಂಚಿನಲ್ಲಿದ್ದ ಬಿಲ್ ವಿಲ್ಸನ್ ಎಂಬುವರು, ತಮ್ಮಂಥದೇ ಇನ್ನೊಬ್ಬ ವ್ಯಸನಿಯೊಡನೆ ಮಾತನಾಡಬೇಕೆಂದು ಹೋಟೆಲಿನಿಂದ ದೂರವಾಣಿ ಕರೆಗಳನ್ನು ಮಾಡಿದರು. ದೊರೆತವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರೂ ಕುಡಿತಕ್ಕೆ ದಾಸರಾದವರೇ. ಅವರಿಬ್ಬರ ಮಾತುಕತೆಯಿಂದ ಈ ಸಂಘ ಹುಟ್ಟಿತು. ವೈದ್ಯರೊಬ್ಬರಿಗೂ ತನ್ನಂಥ ರೋಗಿಯ ಸಂಗವೇ ಬೇಕಾಯಿತೆಂಬುದು ನಮ್ಮ ಅಹಂಕಾರಕ್ಕೆ ತಕ್ಕ ಉತ್ತರ.

ಸೇರಲು ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಊರು, ಜಾತಿ, ಮನೆತನ ಯಾರೂ ಕೇಳುವುದಿಲ್ಲ. ಅಲ್ಲಿ ಕಂಡವರ ಹೆಸರನ್ನು ಹೊರಗೆ ಆಡಬಾರದೆಂಬುದೇ ನಡಾವಳಿ. ಮೊದಲ ದಿನ ಸುಮ್ಮನೆ ಕುಳಿತು ಕೇಳಿದರೂ ಸಾಕು. ಮುಕ್ತ ಸಭೆಗೆ ಮನೆಯವರೂ ಹೋಗಬಹುದು. ಇನ್ನೊಂದು ಬಗೆಯದು ವ್ಯಸನಿಗಳಿಗೆ ಮಾತ್ರ. ಹಲವು ಕಡೆ ಸಭೆಗಳು ಚರ್ಚಿನ ಆವರಣದಲ್ಲಿ ಅಥವಾ ಶಾಲೆಯ ಕೋಣೆಯಲ್ಲಿ ಸೇರುವುದರಿಂದ, ಇದು ಮತಾಂತರದ ಉಪಾಯವೇ ಎಂದು ಭಕ್ತರೊಬ್ಬರು ನಮ್ಮನ್ನು ಕೇಳಿದ್ದುಂಟು. ಅಲ್ಲ, ಬಾಡಿಗೆ ಅಗ್ಗವೆಂಬುದೇ ಹೆಚ್ಚಿನ ಕಾರಣ. ದೇವರ ಮಾತು ಅಲ್ಲಿ ಬರುತ್ತದೆ, ಆದರೆ ಪ್ರತಿಯೊಬ್ಬರೂ ತಾವು ಅರಿತಂತೆ ಆತನನ್ನು ನೆನೆಯಲು ಸ್ವತಂತ್ರರು. ಇಷ್ಟಲಿಂಗಧಾರಿಯು ತನ್ನ ಲಿಂಗವನ್ನೇ ನೆನೆಯಲಿ.

ಸಮೀಪದ ಸಭೆಯನ್ನು ತಿಳಿಯಲು ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಹಳ್ಳಿಗಳ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಕೂಡುವ ನವಜೀವನ ಸಮಿತಿಗಳಿವೆ; ಎ.ಎ. ದೂರವಾದವರಿಗೆ ಅವು ಅನುಕೂಲ. ಯಾವುದೇ ಆಗಲಿ, ಒಂದು ಸಭೆ ಮನಸ್ಸಿಗೆ ಹಿಡಿಸದಿದ್ದರೆ ಮತ್ತೊಂದಕ್ಕೆ ಹೋಗಿ ನೋಡಬೇಕು. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಒಂದು ಸಭೆ ಸಾಲದೆಂಬುದು ನಮ್ಮ ಅಭಿಪ್ರಾಯ.

ಆದರೆ ವರ್ಷಗಟ್ಟಲೆ ನಿತ್ಯ ಕುಡಿದವರು ಸಭೆಗೆ ಮುನ್ನ ಆಸ್ಪತ್ರೆಗೆ ಹೋಗತಕ್ಕದ್ದು. ಥಟ್ಟನೆ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು; ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳವು; ಎರಡು-ಮೂರನೆಯ ದಿನ ಸನ್ನಿ ಬರಬಹುದು. ಇದು ಪ್ರಾಣಾಂತಿಕ. ಇಲ್ಲಿ ನಮ್ಮ ಕಷಾಯ, ಚೂರ್ಣಗಳನ್ನು ನೆಚ್ಚಿ ಕೂಡುವುದು ಸಲ್ಲದೆಂದು ಆಯುರ್ವೇದ ವೈದ್ಯರಾಗಿ ನಾವೇ ಹೇಳುತ್ತಿದ್ದೇವೆ. ಹಾಗೆಯೇ, ‘ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಗೋಡೆಗಳ ಮೇಲೆ ಸಾರುವ ಪುಡಿಗಳನ್ನು ತಾಯಂದಿರು ಕೊಳ್ಳಬಾರದು. ಡೈಸಲ್ಫಿರಾಮ್‌ನಂಥ ಔಷಧವನ್ನು ಅರಿಯದೆ ತಿಂದವನು ಅದರ ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು.

ಮನೆಯವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳು ಇವೆ. ಗಂಡ ಬರಲೊಲ್ಲೆನೆಂದರೂ ಹೆಂಡತಿ ಹೋಗಬಹುದು. ನಮ್ಮ ವ್ಯಾಪಾರಿಗಳ ಮನೆಯಲ್ಲಿ ಮೊದಲು ಹೋದವರು ಅವರ ಧರ್ಮಪತ್ನಿಯೇ. ಅವರು ಮೂರು ತಿಂಗಳ ನಂತರ. ಆಮೇಲೆಯೂ ಎರಡು ಸಲ ಎಡವಿದರು. ಎರಡು ಸಲವೂ ಮುಂದಿನ ಸಭೆಗೆ ಹೋಗಿ, ಎಡವಿದ್ದನ್ನು ಹೇಳಿಕೊಂಡು ಕುಳಿತರು. ಯಾರೂ ಎದ್ದು ಹೋಗೆನ್ನಲಿಲ್ಲ.