ಕಲಿಸುವವರ ಮಾತು ಕನ್ನಡ, ಮಗುವಿನ ಉತ್ತರ ಮಗುವಿನಿಷ್ಟ

ಒಮಾನಿನ ಮಸ್ಕತ್‌ನ ಅಲ್ ಗುಬ್ರಾದ ವಾರಾಂತ್ಯದ ಕನ್ನಡ ತರಗತಿ: ಕಲಿಸುವವರಿಗೂ ಮನೆಯವರಿಗೂ ಸೂಚನೆ

ಪಾಠವೆಲ್ಲ ಕನ್ನಡದಲ್ಲೇ ನಡೆಯಬೇಕು ಎಂಬ ಪದ್ಧತಿಯನ್ನು ಬಿಡುವ ಪ್ರಶ್ನೆ ಇಲ್ಲ. ಆದರೆ ಆ ಪದ್ಧತಿಗೆ ಮಕ್ಕಳು ಮುಖ ತಿರುಗಿಸಿದಾಗ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುವುದು ಬೇಡ. ಶುಕ್ರವಾರವಾಗಲಿ ಶನಿವಾರವಾಗಲಿ, ಯಾರ ಮನೆಯ ಹಾಲ್‌ನಲ್ಲೇ ಆಗಲಿ, ಕೆಳಗಿನಂತೆ ನಡೆಯಬೇಕು.

ಮೊದಲು ಎದುರಿಗೆ ಕೂತಿರುವವರು ಯಾರು ಎಂದು ತಿಳಿದುಕೊಳ್ಳಿ. ಈ ಮಕ್ಕಳು ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಓದುತ್ತಾರೆ, ಸ್ಕೂಲ್ ಬಸ್ಸಿನಲ್ಲಿ ಹಿಂದಿ ಆಡುತ್ತಾರೆ, ಅಂಗಡಿಯಲ್ಲಿ ಮಲಯಾಳ ಕೇಳುತ್ತಾರೆ, ಬೀದಿಯ ಬೋರ್ಡುಗಳಲ್ಲಿ ಅರಬ್ಬಿ ನೋಡುತ್ತಾರೆ. ಕರಾವಳಿಯ ಮನೆಯಾದರೆ ಒಳಗೆ ತುಳು, ಕೊಂಕಣಿ ಇಲ್ಲವೇ ಬ್ಯಾರಿ. ಇಂಥ ಮಗುವಿಗೆ "ನಿನ್ನ ಮಾತೃಭಾಷೆ ನಿನಗೇ ಬರಲ್ವಾ?" ಎಂದು ಕೇಳುವುದು ಒರಟುತನ ಮಾತ್ರವಲ್ಲ, ಸುಳ್ಳು ಕೂಡ. ಅದಕ್ಕೆ ಕನ್ನಡ ನಾಲ್ಕನೆಯದೋ ಐದನೆಯದೋ ಭಾಷೆ. ಹೊಸ ಭಾಷೆ ಕಲಿಸುವವರಿಗೆ ಇರಬೇಕಾದ ತಾಳ್ಮೆ ಇಟ್ಟುಕೊಂಡೇ ಕಲಿಸಿ.

ಕಲಿಸುವವರು ಮಾಡಬೇಕಾದ್ದು

ನೀವು ಕನ್ನಡ ಬಿಡಬೇಡಿ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ತಡೆಯಬೇಡಿ. ಉತ್ತರವನ್ನು ಒಪ್ಪಿಕೊಂಡು, ಅದನ್ನೇ ಕನ್ನಡದಲ್ಲಿ ಸಹಜವಾಗಿ ಹೇಳಿ ಮುಂದಕ್ಕೆ ಹೋಗಿ. ಇದು ಸಡಿಲ ಬಿಟ್ಟಂತೆ ಎಂದು ಕೆಲವರಿಗೆ ಅನ್ನಿಸುತ್ತದೆ, ಆದರೆ ಹಾಗಲ್ಲ. ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಗಳ ಪುಟ್ಟ ಮಕ್ಕಳಿಗೆ ಪೂರ್ತಿ ಫ್ರೆಂಚಿನಲ್ಲೇ ಶಾಲೆ ಶುರುವಾಯಿತು. ಇವತ್ತು ಜಗತ್ತಿನಲ್ಲಿ ಈ ಪದ್ಧತಿಯ ಮಾತೆತ್ತಿದವರೆಲ್ಲ ತೋರಿಸುವುದು ಆ ಶಾಲೆಯನ್ನೇ. ಅಲ್ಲಿ ಟೀಚರು ಫ್ರೆಂಚ್ ಬಿಡಲಿಲ್ಲ, ಆದರೆ ಆರಂಭದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡಿದರೆ ಬೇಡ ಎನ್ನಲೂ ಇಲ್ಲ. ದಿನವಿಡೀ ಶಾಲೆಯಲ್ಲಿರುವ ಮಕ್ಕಳಿಗೇ ಅಷ್ಟು ಬಿಡುವು ಕೊಟ್ಟಿರುವಾಗ, ವಾರಕ್ಕೆ ಒಂದೆರಡು ಗಂಟೆ ಬರುವ ಮಕ್ಕಳ ಮೇಲೆ ನಮ್ಮ ಜೋರು ಸಲ್ಲದು.

ಮೊದಲ ದಿನ, ಪಾಠಕ್ಕೆ ಮುಂಚೆ, ಮಕ್ಕಳಿಗೆ ತಿಳಿಯುವ ಭಾಷೆಯಲ್ಲೇ ನಿಯಮ ಹೇಳಿ: ನಾವು ಕನ್ನಡದಲ್ಲೇ ಮಾತಾಡುತ್ತೇವೆ, ನಿಮಗೆ ಎಲ್ಲವೂ ತಿಳಿಯಬೇಕಾಗಿಲ್ಲ, ತಿಳಿಯದಿದ್ದಾಗ ಕೈ ಎತ್ತಿ ನಿಲ್ಲಿಸಬಹುದು. "ಗೊತ್ತಾಗ್ಲಿಲ್ಲ", "ಇನ್ನೊಂದ್ ಸಲ ಹೇಳಿ", "ಇದಕ್ಕೆ ಏನಂತಾರೆ?" ಈ ಮೂರನ್ನು ಅಕ್ಷರಮಾಲೆಗಿಂತ ಮೊದಲು ಬಾಯಿಗೆ ಹತ್ತಿಸಿ. ತಡೆಯುವ ಅಧಿಕಾರ ಕೈಯಲ್ಲಿದ್ದರೆ ಮಗು ಹಟಕ್ಕೆ ಬೀಳುವುದು ಕಡಿಮೆ. ಕೊನೆಯ ಐದು ನಿಮಿಷ ಯಾವ ಭಾಷೆಯಲ್ಲಾದರೂ ಏನನ್ನಾದರೂ ಕೇಳಲಿ. "ಇದನ್ನೆಲ್ಲ ಯಾಕೆ ಕಲೀಬೇಕು?" ಎಂಬ ಪ್ರಶ್ನೆಯೂ ಆ ಐದು ನಿಮಿಷದಲ್ಲೇ ಬರುತ್ತದೆ. ಅದಕ್ಕೆ ಪಂಪನನ್ನೂ ಎಂಟು ಜ್ಞಾನಪೀಠಗಳನ್ನೂ ಎಳೆದು ತರಬೇಡಿ. ಊರಿನ ಅಜ್ಜಿ ಫೋನಿನಲ್ಲಿ ಹೇಳುವುದು ನಿನಗೆ ನೇರ ತಿಳಿಯಲಿ ಅಂತ, ಎನ್ನಿ. ಸಾಕು.

ಕೈಗೆ ಕೆಲಸ ಕೊಡಿ. "ಸೌತೆಕಾಯಿ ಹೆಚ್ಚು, ಬೇಳೆ ಹಾಕು, ಉಪ್ಪು ಸಾಕಾ ನೋಡು" ಎನ್ನುತ್ತಾ ಒಂದು ಕೋಸಂಬರಿ ಮಾಡಿಸಿದರೆ ಅನುವಾದ ಬೇಕಾಗುವುದಿಲ್ಲ. ಆಜ್ಞೆ ಕೇಳಿ ಮೈ ಆಡಿಸುವುದರಿಂದಲೇ ಭಾಷೆ ಒಳಗಿಳಿಯುತ್ತದೆ ಎಂದು ಅಮೆರಿಕದ ಜೇಮ್ಸ್ ಆ್ಯಶರ್ ಒಂದು ಬೋಧನಾ ಕ್ರಮವನ್ನೇ ಕಟ್ಟಿದರು. ನಮ್ಮ ಅಡುಗೆಮನೆಗಳಲ್ಲಿ ಅದು ಮೊದಲಿಂದಲೂ ಇದೆ.

ಸುಮ್ಮನಿರುವ ಮಗುವನ್ನು ಸುಮ್ಮನಿರಲು ಬಿಡಿ. ಕೇಳಿಸಿಕೊಳ್ಳುತ್ತಿದೆಯಾ ಎಂಬುದನ್ನು ಮಾತ್ರ ಗಮನಿಸಿ. "ಬಾಗಿಲು ಹಾಕು" ಎಂದಾಗ ಎದ್ದು ಹೋಗಿ ಬಾಗಿಲು ಹಾಕಿದರೆ ಪಾಠ ನಡೆಯುತ್ತಿದೆ ಎಂದೇ ಅರ್ಥ.

ಮಾಡಬಾರದ್ದು

ಇಂಗ್ಲಿಷ್ ಆಡಿದ್ದಕ್ಕೆ ದಂಡ ಹಾಕಕೂಡದು. ಬೈಸಾ ಲೆಕ್ಕದಲ್ಲೂ ಇಲ್ಲ, ಚಾಕೊಲೇಟ್ ಕಿತ್ತುಕೊಳ್ಳುವ ತಮಾಷೆಯಲ್ಲೂ ಇಲ್ಲ. ಕಾನ್ವೆಂಟಿನಲ್ಲಿ ಕನ್ನಡ ಆಡಿದ್ದಕ್ಕೆ ಫೈನ್ ಕಟ್ಟಿದ, ಬೆಂಚಿನ ಮೇಲೆ ನಿಂತ ನೆನಪು ನಮ್ಮಲ್ಲಿ ಹಲವರಿಗೆ ಇದೆ. ಅದರಿಂದ ಇಂಗ್ಲಿಷಿನ ಮೇಲೆ ಪ್ರೀತಿ ಹುಟ್ಟಿತೇ ಎಂದು ಒಮ್ಮೆ ಯೋಚಿಸಿ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಭಾಷಾ ಶಾಲೆಗಳಲ್ಲಿ, ಕಲಿಯುವ ಭಾಷೆ ಬಿಟ್ಟು ಬೇರೆ ಆಡುವುದಿಲ್ಲವೆಂದು ವಿದ್ಯಾರ್ಥಿಗಳು ಸಹಿ ಹಾಕಿಯೇ ಒಳಗೆ ಬರುತ್ತಾರೆ ನಿಜ. ಅವರು ದೊಡ್ಡವರು, ತಾವೇ ಬೇಕೆಂದು ಬಂದವರು. ನಮ್ಮ ಮಕ್ಕಳನ್ನು ನಾವು ಕಾರಿನಲ್ಲಿ ಕೂರಿಸಿ ಕರೆತಂದಿದ್ದೇವೆ.

ತಿಳಿಯದ ವಾಕ್ಯವನ್ನು ಜೋರಾಗಿ ಮತ್ತೆ ಹೇಳಬೇಡಿ. ಕಿವಿ ಸರಿಯಾಗೇ ಇದೆ. ವಾಕ್ಯ ಚಿಕ್ಕದು ಮಾಡಿ, ಕೈಯಲ್ಲಿ ತೋರಿಸಿ, ಚಿತ್ರ ಬರೆಯಿರಿ. ಹಾಗೆಂದು ಪ್ರತಿ ವಾಕ್ಯದ ಬೆನ್ನಿಗೆ ಇಂಗ್ಲಿಷ್ ಹೇಳುತ್ತಾ ಹೋಗಲೂ ಬೇಡಿ. ಎರಡನೇ ವಾರಕ್ಕೆ ಮಗು ಕನ್ನಡ ಕೇಳುವುದನ್ನೇ ಬಿಟ್ಟು ಇಂಗ್ಲಿಷಿಗೆ ಕಾಯುತ್ತದೆ. ಭಯ, ನೋವು, ಬಾತ್‌ರೂಮು, ವಾಂತಿ, ಇವುಗಳಿಗೆ ಮಾತ್ರ ಈ ನಿಯಮವಿಲ್ಲ. ಅಳುವ ಮಗುವಿನ ಜೊತೆ ಅದರ ಭಾಷೆಯಲ್ಲೇ ಮಾತಾಡಿ.

ಒಂದು ಮನೆಯ ಕನ್ನಡದಿಂದ ಇನ್ನೊಂದು ಮನೆಯ ಕನ್ನಡವನ್ನು ತಿದ್ದಬೇಡಿ. ಪುತ್ತೂರಿನ ಮಗು "ಉಂಟು" ಎನ್ನಲಿ, ಹುಬ್ಬಳ್ಳಿಯದು "ಐತಿ" ಎನ್ನಲಿ. ಮನೆಯಲ್ಲಿ ಕಲಿತ ಅಷ್ಟಿಷ್ಟು ಕನ್ನಡವನ್ನೂ ತಪ್ಪು ಎಂದರೆ ಮಗು ಬಾಯಿ ಮುಚ್ಚುವುದು ನ್ಯಾಯವೇ. "ಅಕ್ಕ ಬಂದ" ಎಂದರೆ ನಗಬೇಡಿ, "ಹೌದಾ, ಅಕ್ಕ ಬಂದಳಾ?" ಎನ್ನಿ. "ನಾನು ನೀರನ್ನು ಕುಡಿಯುತ್ತೇನೆ" ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಆಡುಮಾತು ಮೊದಲು, ಬರಹದ ಕನ್ನಡ ಆಮೇಲೆ. ಮೊದಲ ತಿಂಗಳೇ 49 ಅಕ್ಷರ, ಬೆನ್ನಿಗೆ ಕಾಗುಣಿತ ಎಂದು ಕೂರಿಸಿದ ತರಗತಿ ಖಾಲಿಯಾದರೆ ಮಕ್ಕಳನ್ನು ದೂರಬೇಡಿ.

ರಾಜ್ಯೋತ್ಸವದ ವೇದಿಕೆಗೆಂದು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಭಾಷಣ ಬರೆದುಕೊಟ್ಟು ಉರು ಹೊಡೆಸುವುದು ಇನ್ನು ಸಾಕು. ಚಪ್ಪಾಳೆ ಬೀಳುವುದು ಪೋಷಕರಿಗೆ.

ದೊಡ್ಡ ಮಕ್ಕಳು

ಪ್ರತಿರೋಧ ನಿಜಕ್ಕೂ ಗಟ್ಟಿಯಾಗಿರುವುದು ಹನ್ನೆರಡು ದಾಟಿದವರಲ್ಲಿ. ಅದಕ್ಕೆ ಕಾರಣ ಹೆಚ್ಚಾಗಿ ಕನ್ನಡವಲ್ಲ, ಮಾನ. ಎಂಟನೇ ಕ್ಲಾಸಿನ ಹುಡುಗನನ್ನು ಒಂದನೇ ಕ್ಲಾಸಿನವರ ಸಾಲಿನಲ್ಲಿ ಕೂರಿಸಿ ಶಿಶುಗೀತೆ ಹಾಡಿಸಿದರೆ ಅವನು ಎದ್ದು ಹೋಗುತ್ತಾನೆ, ಹೋಗಬೇಕು. ಇವರಿಗೆ ಬೇರೆ ಗುಂಪು ಮಾಡಿ. ಶಬ್ದ ನಿಲ್ಲಿಸಿದ ಕ್ರಿಕೆಟ್ ವಿಡಿಯೊಗೆ ಕನ್ನಡದಲ್ಲಿ ಕಾಮೆಂಟರಿ ಹೇಳಿಸಿ, ಸಿನಿಮಾದ ಒಂದು ದೃಶ್ಯ ತೋರಿಸಿ ಜಗಳ ಹಚ್ಚಿ. ಒಬ್ಬನನ್ನೇ ನಿಲ್ಲಿಸಿ ಮಾತಾಡಿಸಬೇಡಿ, ಇಬ್ಬಿಬ್ಬರಾಗಿ ಮಾತಾಡಲಿ. ಪರೀಕ್ಷೆಯ ವಾರಗಳಲ್ಲಿ ಮನೆಗೆಲಸ ಕೊಡಬೇಡಿ. ನೇರವಾಗಿ "ಬರಲ್ಲ" ಎಂದವನೊಡನೆ ಎಲ್ಲರೆದುರು ವಾದಕ್ಕೆ ನಿಲ್ಲಬೇಡಿ. ತರಗತಿ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕಾರಣ ಕೇಳಿ. ಅರ್ಥವಾಗದೆಯೋ, ನಾಚಿಕೆಯೋ, ಬೇಸರವೋ, ಅಪ್ಪನ ಮೇಲಿನ ಸಿಟ್ಟೋ ತಿಳಿಯದೆ ಮದ್ದು ಮಾಡಲಾಗದು.

ಮನೆಯವರಿಗೆ

ಮಗು ಕಾರು ಹತ್ತಿದ ಕೂಡಲೇ "ಇವತ್ತು ಏನ್ ಕಲ್ತೆ? ಹೇಳು ನೋಡೋಣ" ಎನ್ನಬೇಡಿ. ಅತಿಥಿಗಳೆದುರು ಕನ್ನಡ ಹೇಳಿಸಿ ತೋರಿಸಬೇಡಿ. ಆರು ತಿಂಗಳಾಯಿತು, ಇನ್ನೂ ಮಾತಾಡುತ್ತಿಲ್ಲ ಎಂದು ನಮ್ಮನ್ನೂ ಕೇಳಬೇಡಿ. ಬೇರೆ ರಾಜ್ಯಗಳಿಂದ ಮೈಸೂರಿಗೆ ಬಂದು ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಕನ್ನಡ ಕಲಿಯುವ ಶಿಕ್ಷಕರಿಗೆ ಇರುವುದು ಹತ್ತು ತಿಂಗಳ ತರಬೇತಿ. ಅವರು ದೊಡ್ಡವರು, ಬೇರೆ ಕೆಲಸವಿಲ್ಲ, ಬಾಗಿಲಾಚೆ ಬೀದಿಯೆಲ್ಲ ಕನ್ನಡ. ನಿಮ್ಮ ಮಗುವಿನ ಬಾಗಿಲಾಚೆ ಇರುವುದು ಗುಬ್ರಾ.

ಬೇಸಿಗೆ ರಜೆಯ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಊರಿನಲ್ಲಿ ಅತ್ತೆ-ಮಾವನ ಮಕ್ಕಳು ಒಂದು ಸಲ "ಇವ್ನ ಕನ್ನಡ ಕೇಳ್ರೋ" ಎಂದು ನಕ್ಕರೆ, ವರ್ಷವಿಡೀ ಕಟ್ಟಿದ್ದು ಬಿದ್ದುಹೋಗುತ್ತದೆ. ರಜೆಯ ನಂತರ ತರಗತಿಗೆ ಬರಲೊಲ್ಲದ ಮಕ್ಕಳನ್ನು ಕೇಳಿದರೆ ಈ ಕಾರಣವೇ ಹೊರಬರುವುದು ಹೆಚ್ಚು. ಟಿಕೆಟ್ ಮಾಡಿಸುವಾಗಲೇ ಊರಿಗೆ ಫೋನ್ ಮಾಡಿ, ಯಾರೂ ನಗಬಾರದು, ಯಾರೂ ಉಪಕಾರಕ್ಕೆಂದು ಇಂಗ್ಲಿಷಿಗೆ ತಿರುಗಬಾರದು ಎಂದು ಹೇಳಿ. ಅಜ್ಜ-ಅಜ್ಜಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ, ಮೊಮ್ಮಕ್ಕಳ ಮುಂದೆ ಇಂಗ್ಲಿಷ್ ಆಡುವ ಉಮೇದು ಅವರಿಗೇ ಜಾಸ್ತಿ.

ಈ ಸೂಚನೆಗಳು ಒಪ್ಪಿಗೆಯಾಗದವರು ದಯವಿಟ್ಟು ಪಾಠ ಮಾಡಲು ನಿಲ್ಲಬೇಡಿ. ಕುರ್ಚಿ ಜೋಡಿಸಲು, ಹಾಜರಿ ಬರೆಯಲು, ಮಕ್ಕಳಿಗೆ ಉಪ್ಪಿಟ್ಟು ಮಾಡಿ ತರಲು ಜನ ಬೇಕಾಗಿದ್ದಾರೆ.