‘ನಾನು ಕೊಂದ ಹುಡುಗಿ’: ಸ್ಪ್ಯಾನಿಶ್ ಕಲಿಕೆಯಲ್ಲಿ ಕರ್ತೃ-ಕರ್ಮಗಳ ಪ್ರಶ್ನೆ

ಕನ್ನಡ ಮಾತೃಭಾಷೆಯವರು ಸ್ಪ್ಯಾನಿಶ್ ಕಲಿಯುವಾಗ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆದ ವ್ಯಾಕರಣಗಳನ್ನೇ ಆಶ್ರಯಿಸಬೇಕಾಗುತ್ತದೆ. ಇದರ ಫಲವಾಗಿ, ಕನ್ನಡಕ್ಕೆ ಸಹಜವಾದ ಕೆಲವು ಸಂಗತಿಗಳೂ ಅವರಿಗೆ ಅಪರಿಚಿತವೆನಿಸುತ್ತವೆ. ಅಂತಹ ಎರಡು ಪ್ರಶ್ನೆಗಳನ್ನು ಒಂದು ಪ್ರಸಿದ್ಧ ಕಥೆಯ ಶೀರ್ಷಿಕೆಯ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

‘ಆನಂದ’ ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902-1963) ಅವರ ‘ನಾನು ಕೊಂದ ಹುಡುಗಿ’ ಕಥೆಯಲ್ಲಿ ನಿರೂಪಕನು ಯಾರ ಮೇಲೂ ಕೈಯೆತ್ತುವುದಿಲ್ಲ. ದೇವರಿಗೆ ಬಿಡಲ್ಪಟ್ಟ ಬಸವಿಯೊಬ್ಬಳಿಗೆ ಆ ಪದ್ಧತಿ ತಪ್ಪೆಂದು ಅವನು ತಿಳಿಹೇಳುತ್ತಾನೆ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಹೀಗಾಗಿ ಶೀರ್ಷಿಕೆಯ ‘ನಾನು’ ಎಂಬ ಪದ ತಪ್ಪೊಪ್ಪಿಗೆಯೇ ಆಗಿದೆ. ಅನುವಾದದಲ್ಲಿ ಅದು ಮಸುಕಾದರೆ ಕಥೆಯ ನೈತಿಕ ಭಾರವೇ ಇಳಿಯುತ್ತದೆ.

ಮೊದಲನೆಯದು ಕರ್ತೃವಿನ ಪ್ರಶ್ನೆ. ‘ಕೊಂದ’ ಎಂಬ ಕೃದಂತನಾಮಕ್ಕೆ ಪುರುಷಪ್ರತ್ಯಯವಿಲ್ಲ. ಆದ್ದರಿಂದ ‘ಕೊಂದ ಹುಡುಗಿ’ ಎಂದಷ್ಟೇ ಹೇಳಿದರೆ ಕೊಂದವಳೂ ಆಗಬಹುದು, ಕೊಲ್ಲಲ್ಪಟ್ಟವಳೂ ಆಗಬಹುದು. ‘ಅವನು ಕೊಂದ’, ‘ಅವನನ್ನು ಕೊಂದ’ ಎಂಬಲ್ಲಿ ವಿಭಕ್ತಿಯೇ ಅರ್ಥವನ್ನು ನಿರ್ಣಯಿಸುತ್ತದೆ. ಸ್ಪ್ಯಾನಿಶಿನಲ್ಲಿ ‘ಲಾ ಮುಚಾಚ ಕೆ ಮತೇ’ ಎಂದರೆ ಸಾಕು. ‘ನಾನು’ ಎಂಬರ್ಥದ ‘ಯೊ’ ಅನವಶ್ಯಕ, ಏಕೆಂದರೆ ‘ಮತೇ’ ಎಂಬ ಕ್ರಿಯಾಪದದ ಕೊನೆಯ ಸ್ವರವೇ ಉತ್ತಮಪುರುಷವನ್ನು ಸೂಚಿಸುತ್ತದೆ. ಅದೇ ಸ್ವರ ಬದಲಾಗಿ ‘ಕೆ ಮತೋ’ ಆದರೆ ಪ್ರಥಮಪುರುಷವಾಗಿ, ‘ಕೊಂದ ಹುಡುಗಿ’ಯ ಸಂದಿಗ್ಧತೆಯೇ ಅಲ್ಲಿಯೂ ತಲೆದೋರುತ್ತದೆ. ‘ಆ ಲಾ ಕೆ ಮತೋ’ ಎಂದರೆ ಹುಡುಗಿ ಕರ್ಮ. ‘ಕೆ ಲೊ ಮತೋ’ ಎಂದರೆ ಅವಳೇ ಕರ್ತೃ.

ಎರಡನೆಯದು ‘ಆ’ ಎಂಬ ಉಪಸರ್ಗದ ಪ್ರಶ್ನೆ. ‘ವಿ ಆ ಲಾ ಮುಚಾಚ’ ಎಂಬ ವಾಕ್ಯವನ್ನು ‘ಹುಡುಗಿಗೆ ನೋಡಿದೆ’ ಎಂದು ಅರ್ಥೈಸಿ ಕಲಿಯುವವರು ಗೊಂದಲಕ್ಕೀಡಾಗುತ್ತಾರೆ. ‘ಆ’ ಚತುರ್ಥಿಯ ಅರ್ಥದಲ್ಲಿಯೂ ಬರುವುದೇ ಇದಕ್ಕೆ ಕಾರಣ. ಇಲ್ಲಿ ಅದು ದ್ವಿತೀಯೆಯ ‘ಅನ್ನು’ವಿಗೆ ಸಂವಾದಿ. ‘ಕಥೆ ಓದಿದೆ’ ಎಂಬಲ್ಲಿ ಪ್ರತ್ಯಯ ಲೋಪವಾಗಬಹುದು. ‘ಹುಡುಗಿಯನ್ನು ನೋಡಿದೆ’ ಎಂಬಲ್ಲಿ ಅದು ಬೇಕೇ ಬೇಕು. ಹಾಗೆಯೇ ಸ್ಪ್ಯಾನಿಶಿನಲ್ಲಿಯೂ ‘ಕಥೆ’ಗೆ ‘ಆ’ ಬರುವುದಿಲ್ಲ, ನಿರ್ದಿಷ್ಟ ವ್ಯಕ್ತಿಗೆ ಬರುತ್ತದೆ. ಆದರೆ ಸಾಮ್ಯ ಸಂಪೂರ್ಣವಲ್ಲ: ಕನ್ನಡದಲ್ಲಿ ‘ಆ ಕಥೆಯನ್ನು ಓದಿದೆ’ ಎಂದು ನಿರ್ದಿಷ್ಟ ನಿರ್ಜೀವ ವಸ್ತುವಿಗೂ ಪ್ರತ್ಯಯ ಹತ್ತುತ್ತದೆ, ಸ್ಪ್ಯಾನಿಶಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶವಿಲ್ಲ.

ಇಂಗ್ಲಿಷ್ ಈ ಕೆಲಸಗಳನ್ನು ಬಹುಮಟ್ಟಿಗೆ ಪದಕ್ರಮದಿಂದ ಸಾಧಿಸುತ್ತದೆ. ಆದ್ದರಿಂದ ಅದರ ಮೂಲಕ ಕಲಿಯುವವನಿಗೆ ‘ಆ’ ಒಂದು ವಿಚಿತ್ರ ಅಪವಾದವಾಗಿ ಕಾಣುತ್ತದೆ. ವಿಭಕ್ತಿಯ ಅರಿವಿನಿಂದ ಹೊರಟವನಿಗೆ ಅದು ಪರಿಚಿತವೇ. ಪರಭಾಷಾ ಬೋಧನೆಯಲ್ಲಿ ಕನ್ನಡ ವ್ಯಾಕರಣವನ್ನು ತುಲನೆಯ ಆಧಾರವಾಗಿ ಬಳಸಬೇಕಾದ ಅಗತ್ಯವನ್ನು ಈ ಕಿರುಶೀರ್ಷಿಕೆಯೊಂದೇ ಮನಗಾಣಿಸುತ್ತದೆ.